ಕೀಚಕನಿಗೆ ಮಾತ್ರ ಗೊತ್ತಿಲ್ಲ



ಇವತ್ತು ನಾನು ಮಾತಾಡಬೇಕೆಂದಿರುವುದು ಟೀವಿಯೊಳಗೆ ಹಾರಾಡುವ ಜನರ ಬಗ್ಗೆ. ಒಂದೇ ಏಟಿಗೆ ಗೋಡೆ ಉರುಳಿಸುವವರು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಊರು ದಾಟುವವರು, ಹಗಲೆಲ್ಲ ಸಾಧಾರಣ ನೌಕರಿ ಮಾಡಿ ಕಷ್ಟಕಾಲಕ್ಕೆ ಬಣ್ಣದ ಪೋಷಾಕಿನಲ್ಲಿ ಪ್ರತ್ಯಕ್ಷರಾಗುವವರು. ಇವರ ಧಾರಾವಾಹಿಗಳ ಮೇಲೆ ನೋಡುಗರದು ಒಂದು ಹಳೇ ತಕರಾರಿದೆ. ಕತೆಗೆ ಎಂಥಾ ತಿರುವು ಕೊಟ್ಟೆವು ನೋಡಿ ಎಂದು ಬರೆದವರು ಬೀಗುತ್ತಾರೆ. ಆ ತಿರುವು ನಮಗೆ ಎರಡು ವಾರ ಮೊದಲೇ ಕಂಡಿರುತ್ತದೆ. ಒಳ್ಳೆಯ ಗುರುವೇ ಕೊನೆಗೆ ಖಳನಾಗುತ್ತಾನೆ. ಸತ್ತವನು ಸತ್ತಿರುವುದಿಲ್ಲ. ಮುಖವಾಡ ಕಳಚಿದಾಗ ಒಳಗಿರುವುದು ನಾವು ಅಂದುಕೊಂಡ ಮುಖವೇ.

ತಕರಾರು ಸುಳ್ಳಲ್ಲ. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಮ್ಮ ಬಾಯಲ್ಲಿ ಅದು ಸ್ವಲ್ಪ ಸೋಜಿಗವೇ. ಮುಂದೇನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದ ಕತೆಯನ್ನೇ ಬೆಳಗಾಗುವ ತನಕ ಕೂತು ನೋಡಿದವರ ಮಕ್ಕಳು ಮೊಮ್ಮಕ್ಕಳು ನಾವು. ಹಾಗಿರುವಾಗ ಗೊತ್ತಾಗಿಬಿಟ್ಟಿತು ಎಂಬ ಒಂದೇ ಕಾರಣಕ್ಕೆ ಬೇಸರ ಬರಬೇಕೆ? ಬೇಸರ ಬರುವುದಂತೂ ಖರೆ. ಅದು ಬೇರೆ ಎಲ್ಲಿಂದಲೋ ಬರುತ್ತಿದೆ ಎಂದು ನನಗೆ ಅನುಮಾನ.

ನನ್ನ ಅಕ್ಕನ ಮಗ ಶಹಾಬಾದಿನವ. ಡಿಪ್ಲೊಮಾ ಓದಲು ದಿನಾ ರೈಲಿನಲ್ಲಿ ಕಲಬುರಗಿಗೆ ಹೋಗಿಬರುತ್ತಾನೆ. ಹೋಗುವಾಗ ಅರ್ಧ, ಬರುವಾಗ ಅರ್ಧ ಎಂದು ಫೋನಿನಲ್ಲಿ 'ದಿ ಫ್ಲ್ಯಾಶ್' ಎಂಬ ಅಮೆರಿಕದ ಧಾರಾವಾಹಿ ನೋಡಿದ. 2014ರಲ್ಲಿ ಶುರುವಾಗಿ 2023ರ ತನಕ ಒಂಬತ್ತು ಸರಣಿಗಳಲ್ಲಿ ಓಡಿದ ಕತೆ ಅದು. ಬ್ಯಾರಿ ಆಲನ್ ಎಂಬ ಪೊಲೀಸ್ ಪ್ರಯೋಗಾಲಯದ ಹುಡುಗನಿಗೆ ಸಿಡಿಲು ಬಡಿದು ಮಿಂಚಿನ ವೇಗ ಬರುತ್ತದೆ. ಎರಡನೇ ಸರಣಿಯ ಖಳ ಜೂಮ್, ಕರೀ ಮುಖವಾಡದವ. ಅದೇ ಸರಣಿಯಲ್ಲಿ ಜೇ ಗ್ಯಾರಿಕ್ ಎಂಬ ಸಜ್ಜನನೂ ಬರುತ್ತಾನೆ. ಒಂದು ಕಾಲಕ್ಕೆ ತಾನೂ ವೇಗಿಯಾಗಿದ್ದೆ, ಈಗ ಶಕ್ತಿ ಹೋಗಿದೆ ಎನ್ನುತ್ತಾನೆ. ಸರಣಿ ಇನ್ನೂ ಅರ್ಧವೂ ಆಗಿರಲಿಲ್ಲ, ನಮ್ಮ ಹುಡುಗ ತೀರ್ಪು ಕೊಟ್ಟ.

"ಮಾಮಾ, ಈ ಜೇ ಅಂಬಾಂವ ಅದಾನಲ್ಲ, ಇವನೇ ಜೂಮ್ ನೋಡ್ರಿ."

"ಹೆಂಗ ಹೇಳ್ತೀಯೋ?"

"ಓಡಾಂವ ಅಂತಾನ, ಓಡಂಗಿಲ್ಲ. ಕೆಲಸಿಲ್ಲ, ಬಗಸಿಲ್ಲ, ಎಲ್ಲಾ ಸೀನ್‌ನಾಗೂ ಬಂದು ನಿಂದರ್ತಾನ. ಅವನಿಗಿ ಸುಮ್ಮಸುಮ್ಮನೆ ಪಗಾರ ಕೊಡ್ತಾರೇನ್ರಿ?"

ಅವನು ಹೇಳಿದ್ದೇ ಆಯಿತು. ಜೇ ಗ್ಯಾರಿಕ್ ಎಂದುಕೊಂಡಿದ್ದವನೇ ಜೂಮ್. ಈ ಹುಡುಗ ನಾಟಕಶಾಸ್ತ್ರ ಓದಿದವನಲ್ಲ, ಆದರೆ ಅವನ ಸೂತ್ರ ಗಟ್ಟಿಯಾದದ್ದು. ಕತೆಯೊಳಗೆ ಕೆಲಸವಿಲ್ಲದೆ ಸಂಬಳ ತಿನ್ನುವ ಪಾತ್ರ ಒಂದೋ ಕೊಲೆ ಮಾಡುತ್ತದೆ, ಇಲ್ಲವೇ ಕೊಲೆಯಾಗುತ್ತದೆ. ನಿಮ್ಮ ಮನೆಯ ಸಂಜೆಯ ಧಾರಾವಾಹಿಗೂ ಇದನ್ನು ಹಚ್ಚಿ ನೋಡಬಹುದು. ಮೂರನೇ ಸರಣಿಯಲ್ಲಿ ಸಾವಿಟಾರ್ ಎಂಬ ಲೋಹದ ಕವಚದ ಖಳ ಬಂದ. ಒಳಗಿರುವುದು ಯಾರು ಎಂಬ ಗುಟ್ಟನ್ನು ಇಪ್ಪತ್ತನೇ ಸಂಚಿಕೆಯ ತನಕ ಕಾಪಾಡಿಕೊಂಡು ಬಂದರು. ಭವಿಷ್ಯದಿಂದ ಬಂದ ಬ್ಯಾರಿಯೇ ಅವನು. ಅಷ್ಟೊತ್ತಿಗೆ ನೋಡುವವರೆಲ್ಲ ಅದನ್ನು ಊಹಿಸಿ, ಊಹಿಸಿದ್ದನ್ನು ಮರೆತೂ ಬಿಟ್ಟಿದ್ದರು.

ಆದರೆ ಅದೇ ಧಾರಾವಾಹಿಯ ಮೊದಲನೇ ಸರಣಿಯನ್ನು ಯಾರೂ ಹಾಗೆ ಬೈಯುವುದಿಲ್ಲ. ಅಲ್ಲಿಯೂ ಗುರುವೇ ಖಳ. ಗಾಲಿಕುರ್ಚಿಯಲ್ಲಿ ಕೂತ ಹ್ಯಾರಿಸನ್ ವೆಲ್ಸ್ ಎಂಬ ವಿಜ್ಞಾನಿ ಬ್ಯಾರಿಗೆ ಓಡುವುದನ್ನು ಕಲಿಸುತ್ತಾನೆ. ಬ್ಯಾರಿಯ ತಾಯಿಯನ್ನು ಕೊಂದವನೂ ಅವನೇ. ಹಳೇ ಸರಕೇ ಇದು, ಸರಿ. ಆದರೆ ಮೊಟ್ಟಮೊದಲ ಸಂಚಿಕೆಯ ಕೊನೆಗೇ ಒಂದು ದೃಶ್ಯವಿದೆ: ವೆಲ್ಸ್ ಯಾರೂ ಇಲ್ಲದ ಕೋಣೆಗೆ ಹೋಗುತ್ತಾನೆ, ಗಾಲಿಕುರ್ಚಿಯಿಂದ ಎದ್ದು ನಿಲ್ಲುತ್ತಾನೆ, 2024ನೇ ಇಸವಿಯ ಪತ್ರಿಕೆ ಓದುತ್ತಾನೆ. ಅಂದರೆ ಇವನು ಹೇಳಿಕೊಳ್ಳುವ ಮನುಷ್ಯನಲ್ಲ ಎಂದು ನಮಗೆ ಮೊದಲ ದಿನವೇ ತಿಳಿಸಿಬಿಟ್ಟರು. ಗೊತ್ತಿಲ್ಲದಿದ್ದದ್ದು ಬ್ಯಾರಿಗೆ, ಅವನ ಗೆಳೆಯ ಸಿಸ್ಕೋಗೆ. ಹದಿನೈದನೇ ಸಂಚಿಕೆಯಲ್ಲಿ ಸಿಸ್ಕೋಗೆ ಗುಟ್ಟು ಗೊತ್ತಾಗುತ್ತದೆ. ವೆಲ್ಸ್ ಬಂದು ಅವನ ಮುಂದೆ ನಿಂತು, ಮಗನಿರುವುದು ಅಂದರೆ ಏನೆಂದು ನಿನ್ನಿಂದ ತಿಳಿಯಿತಪ್ಪಾ ಎಂಬ ಅರ್ಥದ ಮಾತಾಡುತ್ತಾನೆ. ದನಿಯಲ್ಲಿ ಸುಳ್ಳಿಲ್ಲ. ಹಾಗೆನ್ನುತ್ತಲೇ ಕೈಯನ್ನು ಅವನ ಎದೆಯೊಳಗೆ ಇಳಿಸಿಬಿಡುತ್ತಾನೆ. ಕೊಲ್ಲುತ್ತಾನೆಂದು ನಮಗೆ ಗೊತ್ತಿತ್ತು. ಪ್ರೀತಿ ಖರೆ ಇತ್ತು ಎಂಬುದು ಗೊತ್ತಿರಲಿಲ್ಲ.

ಒಂದೇ ಕೈಗಳು ಬರೆದ ಧಾರಾವಾಹಿ. ಗುಟ್ಟನ್ನು ನಮ್ಮ ಕೈಗೆ ಕೊಟ್ಟಾಗ ಕತೆ ಎದ್ದು ನಿಂತಿತು, ನಮ್ಮಿಂದ ಮುಚ್ಚಿಟ್ಟಾಗ ಮುಗ್ಗರಿಸಿತು.

ಹಾಗಾದರೆ ಯಾಕೆ ಮುಚ್ಚಿಡುತ್ತಾರೆ? ಕಸುಬಿನ ಒತ್ತಡವೇ ಹಾಗಿದೆ. ನಮ್ಮ ಕನ್ನಡದ ದೈನಿಕ ಧಾರಾವಾಹಿಯನ್ನೇ ತೆಗೆದುಕೊಳ್ಳಿ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಪ್ರತಿ ವಿರಾಮಕ್ಕೆ ಒಂದು ಎಳೆ ಜಗ್ಗಬೇಕು, ದಿನದ ಕೊನೆಗೆ ಒಂದು ಧಡಲ್ ಎನ್ನುವ ಸದ್ದು ಬೇಕು. ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತದೆ. ಕತೆ ಎಷ್ಟು ದಿನ ನಡೆಯುತ್ತದೆಂದು ಬರೆಯುವವರಿಗೇ ಗೊತ್ತಿರುವುದಿಲ್ಲ. ನಾಳೆಯ ತಿರುವನ್ನು ಇವತ್ತಿನ ಪ್ರೋಮೋದಲ್ಲೇ ಹತ್ತು ಸಲ ತೋರಿಸಿ, ನಾಳೆ ಅದನ್ನೇ ಆಶ್ಚರ್ಯವೆಂದು ಉಣಬಡಿಸುತ್ತಾರೆ. ಸಣ್ಣ ಪಾತ್ರಕ್ಕೆ ಹೆಸರುವಾಸಿ ನಟ ಬಂದರೆ ಆ ಪಾತ್ರ ಸಣ್ಣದಾಗಿ ಉಳಿಯುವುದಿಲ್ಲವೆಂದು ಮಕ್ಕಳೂ ಹೇಳುತ್ತಾರೆ. ನಟಿ ಧಾರಾವಾಹಿ ಬಿಟ್ಟರೆ ಪಾತ್ರಕ್ಕೆ ಕಾರಿನ ಅಪಘಾತ. ಬೇರೆ ನಟಿ ಸಿಕ್ಕರೆ ಪ್ಲಾಸ್ಟಿಕ್ ಸರ್ಜರಿ. ಶಕ್ತಿಶಾಲಿ ನಾಯಕರ ಕತೆಗಂತೂ ಇನ್ನೊಂದು ತೊಡಕು. ನಾಯಕನ ಹೆಸರೇ ಧಾರಾವಾಹಿಯ ಹೆಸರು. ಅವನು ಬುಧವಾರ ಸತ್ತರೆ ಗುರುವಾರ ಏನು ತೋರಿಸಬೇಕು? ಹಾಗಾಗಿ ಅವನ ಸಾವನ್ನು ಯಾರೂ ನಂಬುವುದಿಲ್ಲ. ಪಾಪ, ನಾಯಕಿ ಮಾತ್ರ ಅಳುತ್ತಾಳೆ.

ಈ ಕಷ್ಟವನ್ನು ಮೊದಲು ಅನುಭವಿಸಿದವರು ಟೀವಿಯವರಲ್ಲ, ರೇಡಿಯೋದವರು. ಬಾನುಲಿಯಲ್ಲಿ ಕೂತು ಇದನ್ನು ಹೇಳಲು ನನಗೆ ಸ್ವಲ್ಪ ಹೆಮ್ಮೆಯೇ. ಸೂಪರ್‌ಮ್ಯಾನ್ 1938ರಲ್ಲಿ ಚಿತ್ರಕತೆಯ ಪುಸ್ತಕದಲ್ಲಿ ಹುಟ್ಟಿದ. ಎರಡೇ ವರ್ಷಕ್ಕೆ, 1940ರ ಫೆಬ್ರುವರಿಯಲ್ಲಿ, ಅಮೆರಿಕದ ರೇಡಿಯೋಕ್ಕೆ ಬಂದ. ಅವನನ್ನು ದುರ್ಬಲಗೊಳಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಇದೆಯಲ್ಲ, ಇವತ್ತು ಜಗತ್ತಿನ ಮಕ್ಕಳಿಗೆಲ್ಲ ಗೊತ್ತಿರುವುದು, ಅದು ಮೊದಲು ಕೇಳಿಸಿದ್ದೇ ರೇಡಿಯೋದಲ್ಲಿ, 1943ರಲ್ಲಿ. ಯಾವುದಕ್ಕೂ ಜಗ್ಗದ ನಾಯಕನನ್ನು ಇಟ್ಟುಕೊಂಡು ದಿನಾ ಕತೆ ಬೆಳೆಸುವುದು ಹೇಗೆ? ಜಗ್ಗಿಸುವ ಒಂದು ವಸ್ತು ಬೇಕೇಬೇಕು. ಅಂದಿನಿಂದ ಆ ಕಲ್ಲಿನ ಹೆಸರು ಕೇಳಿದರೆ ಸಾಕು, ಸೂಪರ್‌ಮ್ಯಾನ್ ಈಗ ಬಿದ್ದ ಎಂದು ಕೇಳುಗನಿಗೆ ತಿಳಿಯುತ್ತದೆ.

ರೇಡಿಯೋದ ಇನ್ನೊಂದು ಸೊಗಸು ನೋಡಿ. ಮುಖವೇ ಇಲ್ಲದ ಮಾಧ್ಯಮದಲ್ಲಿ ಮುಖವಾಡ ತೋರಿಸುವುದು ಹೇಗೆ? ಬಡ್ ಕಾಲಿಯರ್ ಎಂಬ ನಟ ಇದನ್ನು ಗಂಟಲಲ್ಲೇ ಬಗೆಹರಿಸಿದ. ಪತ್ರಕರ್ತ ಕ್ಲಾರ್ಕ್ ಕೆಂಟ್‌ನದು ತೆಳು ದನಿ. ಮಾತು ಅರ್ಧಕ್ಕೆ ಬಂದಾಗ ದನಿ ಕೆಳಗಿಳಿದು ಗಡಸಾಗುತ್ತದೆ. ಅಷ್ಟರಲ್ಲಿ ಅಂಗಿ ಬದಲಾಯಿತು ಎಂದರ್ಥ. ಕತೆಯೊಳಗಿನ ಲೋಯಿಸ್ ಲೇನ್‌ಗೆ ಇದು ಗೊತ್ತಿಲ್ಲ. ರೇಡಿಯೋ ಹಚ್ಚಿಕೊಂಡು ಕೂತವರಿಗೆಲ್ಲ ಗೊತ್ತು. ಗುಟ್ಟು ಕೇಳುಗನ ಕಿವಿಯಲ್ಲೇ ಇದೆ. ಆ ಸುಖಕ್ಕೇ ಅಲ್ಲವೆ ಮಕ್ಕಳು ಮರುದಿನ ಮತ್ತೆ ರೇಡಿಯೋ ಮುಂದೆ ಕೂಡುತ್ತಿದ್ದದ್ದು?

ಇನ್ನು ನಮ್ಮ ಕಡೆಗೆ ಬರೋಣ. ಟೀವಿಯ ವಿಷಯದಲ್ಲಿ ಕಲಬುರಗಿ ಜಿಲ್ಲೆ ಹಿಂದುಳಿದದ್ದು ಎಂದು ಯಾರಾದರೂ ಅಂದರೆ ನಂಬಬೇಡಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಸೈಟ್ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಹಳ್ಳಿಗಳಿಗೆ ನೇರವಾಗಿ ಟೀವಿ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ತಂತಿ ಜಾಳಿಗೆಯ ದೊಡ್ಡ ಬುಟ್ಟಿಯಂಥ ಆಂಟೆನಾ, ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರಿಗೂರೇ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಲೆಕ್ಕ ನೀವೇ ಹಾಕಿ. ಆ ಪೆಟ್ಟಿಗೆಯಲ್ಲಿ ಹಾರುವ ನಾಯಕರಿರಲಿಲ್ಲ. ಬಿತ್ತನೆ, ಗೊಬ್ಬರ, ಮಕ್ಕಳ ಪಾಠ ಇದ್ದವು. ಆದರೆ ಹತ್ತು ಮಂದಿ ಕೂಡಿ ಪರದೆಯೊಂದಿಗೆ ಮಾತಾಡುತ್ತಾ ನೋಡುವ ರೂಢಿ ನಮ್ಮಲ್ಲಿ ಬಿದ್ದದ್ದು ಆಗಲೇ. ಟೀವಿಯಲ್ಲಿ ಬಂದವನು ಉತ್ತರ ಕೊಡದಿದ್ದರೂ ನಾವು ಮಾತಾಡುವುದನ್ನು ಬಿಟ್ಟವರಲ್ಲ.

ಹಾರುವ ನಾಯಕ ಬಂದದ್ದು 1997ರ ಸೆಪ್ಟೆಂಬರಿನಲ್ಲಿ. ಶಕ್ತಿಮಾನ್. ಮೈಗಂಟಿದ ಕೆಂಪು ಪೋಷಾಕು, ಎದೆಯ ಮೇಲೆ ಹೊಂಬಣ್ಣದ ಚಿಹ್ನೆ, ಬುಗುರಿಯಂತೆ ಗಿರಗಿರ ತಿರುಗಿ ಆಕಾಶಕ್ಕೆ. 2005ರ ತನಕ ನಡೆಯಿತು. ಐತವಾರ ಮಧ್ಯಾಹ್ನ ಸೇಡಂನ ಓಣಿಗಳಲ್ಲಿ ಗೋಲಿ ಆಡುವ ಹುಡುಗರು ಕಾಣುತ್ತಿರಲಿಲ್ಲ. ಕರೆಂಟು ಕೈಕೊಡುತ್ತದೆಂಬ ಭಯ ಬೇರೆ. ವಾಡಿಯಲ್ಲಿ ಎ.ಸಿ.ಸಿ. ಕಾಲೊನಿಯ ಗೆಳೆಯರಿದ್ದವರು ಅದೃಷ್ಟವಂತರು. ಅಲ್ಲಿ ದೀಪ ಆರುವುದು ಕಡಿಮೆ. ನಾವು ಶಹಾಬಾದ್ ಕಲ್ಲಿನ ತಣ್ಣನೆ ನೆಲದ ಮೇಲೆ ಸಾಲಾಗಿ ಕೂಡುತ್ತಿದ್ದೆವು. ಕಿಟಕಿಯ ಹೊರಗೆ ಇನ್ನೊಂದು ಸಾಲು.

ಭಾಷೆ ಹಿಂದಿ. ಮಂಡ್ಯದ ಕಡೆಯ ನನ್ನ ಸ್ನೇಹಿತರು ಈಗಲೂ ಹೇಳುತ್ತಾರೆ, ಅರ್ಧ ತಿಳಿಯದೆಯೇ ನೋಡಿದೆವು ಎಂದು. ನಮಗೆ ಆ ತೊಂದರೆ ಇರಲಿಲ್ಲ. 1948ರ ತನಕ ನಿಜಾಮನ ರಾಜ್ಯ, ಉರ್ದು ಶಾಲೆಯಲ್ಲಿ ಓದಿದ ಮುತ್ತ್ಯಾಗಳು, ಪಕ್ಕದ ಮನೆಯ ದಖ್ಖನಿ. ಶಕ್ತಿಮಾನ್ ಸಾಧಾರಣ ಮನುಷ್ಯನಾಗಿ ಹಾಕುವ ವೇಷವಾದ ಗಂಗಾಧರ ಶಾಸ್ತ್ರಿಯ ಹಾಸ್ಯ ನಮಗೆ ನೇರ ಹತ್ತುತ್ತಿತ್ತು. ಕುಂಡಲಿನಿ, ಪಂಚತತ್ವ ಎಂದು ಶಕ್ತಿಮಾನ್ ಭಾರೀ ಮಾತು ಶುರುಮಾಡಿದಾಗ ಮಠದ ಪ್ರವಚನ ಕೇಳಿ ರೂಢಿಯಿದ್ದವರು ಉಳಿದವರಿಗೆ ತಿಳಿಸಿ ಹೇಳುತ್ತಿದ್ದರು.

ಮನೆಯ ಆಯಿಯಂದಿರು ಮಾತ್ರ ಬೇರೆಯೇ ಕತೆ ನೋಡುತ್ತಿದ್ದರು. ಶಕ್ತಿಮಾನ್ ಆದ ಮುಕೇಶ್ ಖನ್ನಾ ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ದ ಭೀಷ್ಮ. ಕತ್ತಲೆಯ ಒಡೆಯ ಕಿಲ್ವಿಷ್ ಆದ ಸುರೇಂದ್ರ ಪಾಲ್ ಅದೇ 'ಮಹಾಭಾರತ'ದ ದ್ರೋಣ. ನಮ್ಮ ಆಯಿ ಬಣ್ಣಕ್ಕೆ ಮೋಸಹೋಗದೆ ದನಿ ಹಿಡಿದೇ ಗುರುತಿಸಿದಳು. "ಯಪ್ಪಾ, ದ್ರೋಣಾಚಾರಿ ಯಾಕ ಹಿಂಗಾದ?" ಎಂದು ಆಕೆಗೆ ಬಹಳ ಕೆಟ್ಟೆನಿಸಿತ್ತು. ಶಕ್ತಿಮಾನ್ ಸಾವಿನ ಅಂಚಿಗೆ ಬಂದಾಗ ನಾವು ಮಕ್ಕಳು ಉಸಿರು ಬಿಗಿಹಿಡಿದಿದ್ದರೆ ಆಕೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅಂವ ಭೀಷ್ಮ ಅದಾನ, ತಾ ಒಲ್ಲೆ ಅನ್ನೂತನಕ ಸಾಯಂಗಿಲ್ಲ, ಸುಮ್ಮ ಕೂಡ್ರಿ" ಎನ್ನುತ್ತಿದ್ದಳು. ತಿರುವನ್ನು ಮೊದಲೇ ಹೇಳಿಬಿಡುವುದರಲ್ಲಿ ನನ್ನ ಅಕ್ಕನ ಮಗನಿಗೆ ಆಕೆಯೇ ಗುರು ಎನ್ನಬೇಕು.

ಪತ್ರಕರ್ತೆ ಗೀತಾ ವಿಶ್ವಾಸಳ ಪಾತ್ರಕ್ಕೆ ಮೊದಲು ಕಿಟು ಗಿಡ್ವಾನಿ ಇದ್ದರು, ಆಮೇಲೆ ವೈಷ್ಣವಿ ಬಂದರು. ನಾವು ಪ್ರಶ್ನೆಯನ್ನೇ ಕೇಳಲಿಲ್ಲ. ಬಯಲಾಟದ ದ್ರೌಪದಿಗೆ ಮೀಸೆ ಬೋಳಿಸಿದ ಗುರುತು ಕಂಡರೂ ಒಪ್ಪಿಕೊಂಡ ಸೀಮೆಯಲ್ಲಿ ಗೀತಾಳ ಮುಖ ಬದಲಾದದ್ದು ಯಾವ ದೊಡ್ಡ ಮಾತು! ನಮಗೆ ಸಹಿಸಲಾಗದಿದ್ದದ್ದು ಬೇರೆ. ಅದೇ ಪತ್ರಿಕೆಯ ಕಚೇರಿ, ಅದೇ ಗಂಗಾಧರ, ಹಲ್ಲು ಮುಂದೆ ಬಿಟ್ಟು ಕನ್ನಡಕ ಹಾಕಿದ್ದಾನೆ, ಅಷ್ಟೇ. ಆಪತ್ತು ಬಂದಾಗಲೆಲ್ಲ ಅವನು ಮಾಯ, ಶಕ್ತಿಮಾನ್ ಹಾಜರು. ಊರು ತಿರುಗಿ ಸುದ್ದಿ ಬರೆಯುವ ಗೀತಾಳಿಗೆ ಎಷ್ಟು ಕಾಲ ಅದು ಹೊಳೆಯುವುದೇ ಇಲ್ಲ. ಗುಟ್ಟು ಉಳಿಸುವುದಕ್ಕೆ ಒಬ್ಬ ಬುದ್ಧಿವಂತೆಯನ್ನು ದಡ್ಡಿ ಮಾಡಬೇಕಾಯಿತು. ತಿರುವಿಗಿಂತ ನನಗೆ ಅದೇ ಹೆಚ್ಚು ಚುಚ್ಚಿದ್ದು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು, ನಗೆಯದಲ್ಲ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಕೈಹಾಕಿದರೆಂಬ ವರದಿಗಳು ಆ ಕಾಲದ ಪತ್ರಿಕೆಗಳಲ್ಲಿ ಬಂದವು. ಅವು ಸರಿಯಲ್ಲವೆಂದು ಮುಕೇಶ್ ಖನ್ನಾ ವಾದಿಸಿದ್ದೂ ಉಂಟು. ಸಂಚಿಕೆಯ ಕೊನೆಗೆ ಶಕ್ತಿಮಾನೇ ಬಂದು ಮಕ್ಕಳಿಗೆ ಬುದ್ಧಿಮಾತು ಹೇಳುವ ಭಾಗವಂತೂ ಇತ್ತು. ನಾವು ದೊಡ್ಡವರು ಊಹಿಸಬಹುದಾದ ಕತೆ ಎಂದು ಆಕಳಿಸುತ್ತೇವೆ. ಆರು ವರ್ಷದ ಮಗುವಿಗೆ ಅದು ಮಾತು ಕೊಟ್ಟ ಹಾಗೆ.

ಚಿಂಚೋಳಿಯ ನೋಡುಗರ ಪಾಡು ಇನ್ನೂ ಸ್ವಾರಸ್ಯದ್ದು. ರೈಲು ಇಲ್ಲದ ತಾಲ್ಲೂಕು, ಆದರೆ ತೆಲುಗು ನಾಡು ಪಕ್ಕದಲ್ಲೇ. ತಾಂಡೂರು, ಜಹೀರಾಬಾದಿಗೆ ಹೋಗಿ ಬರುವವರಿಗೆ ತೆಲುಗು ಸಿನಿಮಾ ಮೊದಲೇ ಆಗಿರುತ್ತದೆ. 2006ರಲ್ಲಿ ರವಿತೇಜ ನಟಿಸಿದ 'ವಿಕ್ರಮಾರ್ಕುಡು' ಬಂತು. ಪುಂಡ ಕಳ್ಳನಂತೆಯೇ ಮುಖವಿರುವ ಪೊಲೀಸ್ ಅಧಿಕಾರಿ ಇದ್ದಾನೆಂಬುದೇ ಅದರ ತಿರುವು. 2009ರಲ್ಲಿ ಸುದೀಪ್ ಅದನ್ನು 'ವೀರ ಮದಕರಿ' ಮಾಡಿದರು, 2012ರಲ್ಲಿ ಹಿಂದಿಯಲ್ಲಿ ಅಕ್ಷಯ್ ಕುಮಾರ್ 'ರೌಡಿ ರಾಥೋರ್' ಮಾಡಿದರು. ಮೂರು ಭಾಷೆ ತಿಳಿಯುವ ಚಿಂಚೋಳಿಯವನು ಒಂದೇ ತಿರುವನ್ನು ಮೂರು ಸಲ ದುಡ್ಡು ಕೊಟ್ಟು ನೋಡಿದ. ಬೇಸರಪಟ್ಟನೆಂದುಕೊಂಡಿರಾ? ಯಾವ ಅಧಿಕಾರಿ ಚಲೋ ಹೊಡೆದ ಎಂದು ಚಹಾದ ಅಂಗಡಿಯಲ್ಲಿ ಕೂತು ತೂಗಿದ.

ಈ ತೂಕದ ರೂಢಿ ಎಲ್ಲಿಯದು? ಬಯಲಾಟದ್ದು ಎಂದು ನನ್ನ ನಂಬಿಕೆ.

ಕಾಗಿಣಾ ದಂಡೆಯ ಒಂದೂರಲ್ಲಿ ದೊಡ್ಡಾಟ ನೋಡಿದ್ದೆ, ಕೀಚಕವಧೆ. ರಾಶಿ ಮುಗಿದ ಕಾಲ. ಅಟ್ಟದ ಮೇಲೆ ಭಾಗವತ, ಮದ್ದಳೆ, ಹಾರ್ಮೋನಿಯಂ. ಕೀಚಕನ ಪಾತ್ರಧಾರಿ ಹಗಲು ಕಲ್ಲಿನ ಖಣಿಯಲ್ಲಿ ದುಡಿಯುವವ. ಭುಜಕೀರ್ತಿ, ಕಿರೀಟ ಹೊತ್ತು ಅವನು ಒಂದು ಹೆಜ್ಜೆ ಹಾಕಿದರೆ ಹಲಗೆ ಕಿರುಗುಟ್ಟುತ್ತಿತ್ತು. ಸೈರಂಧ್ರಿ ನಾಟ್ಯಶಾಲೆಗೆ ಬಾ ಎಂದಿದ್ದಾಳೆ. ಅಲ್ಲಿ ಸೀರೆ ಹೊದ್ದು ಮಲಗಿರುವವನು ಭೀಮ. ಊರಿಗೆಲ್ಲ ಗೊತ್ತು. ಕೀಚಕನಿಗೆ ಮಾತ್ರ ಗೊತ್ತಿಲ್ಲ. ಅವನು ಅತ್ತರು ಪೂಸಿಕೊಳ್ಳುತ್ತಾನೆ, ಮೀಸೆ ತೀಡುತ್ತಾನೆ, ಸಾರಥಿಯನ್ನು ಕರೆದು ತಾನು ಹೇಗೆ ಕಾಣುತ್ತೇನೆಂದು ಕೇಳುತ್ತಾನೆ. ಸಾರಥಿ ಬೇಕೆಂದೇ ಹೊತ್ತು ಹಾಕುತ್ತಾನೆ. ಮುಂದೆ ಕೂತಿದ್ದ ಹುಡುಗರು ತಡೆಯಲಾರದೆ ಕೂಗಿದರು: "ಏ ಕೀಚಕಾ, ಹೋಗಬ್ಯಾಡಲೇ, ಒಳಗ ಭೀಮ ಮಕ್ಕೊಂಡಾನ!" ಕೀಚಕ ಅವರ ಕಡೆ ತಿರುಗಿ ಒಂದು ಕಣ್ಣು ಹೊಡೆದು ಮತ್ತೆ ಕನ್ನಡಿ ನೋಡಿಕೊಂಡ. ಸೆರಗಿಗೆ ಕೈಹಾಕುವ ಕ್ಷಣ ಬರಲು ಮುಕ್ಕಾಲು ಗಂಟೆ ಹಿಡಿದಿರಬೇಕು. ಯಾರೂ ಎದ್ದು ಹೋಗಲಿಲ್ಲ. ವಧೆ ಮುಗಿದ ಮೇಲೆ ನನ್ನ ಪಕ್ಕದ ಮುತ್ತ್ಯಾ ಬೀಡಿ ಹಚ್ಚಿಕೊಂಡು, "ಹ್ವಾದ ವರ್ಷದ ಭೀಮ ಇದಕಿಂತ ಚಲೋ ಒದ್ದಿದ್ದ" ಎಂದರು.

ವಿರಾಟಪರ್ವಕ್ಕಿಂತ ಒಳ್ಳೆಯ ಗುಪ್ತವೇಷದ ಕತೆ ಜಗತ್ತಿನಲ್ಲಿ ಎಷ್ಟಿವೆಯೋ ನಾನರಿಯೆ. ಮಹಾವೀರರು ಅಡುಗೆಯವನಾಗಿ, ನಾಟ್ಯದ ಗುರುವಾಗಿ, ದಾಸಿಯಾಗಿ ವೇಷ ಹಾಕಿಕೊಂಡಿದ್ದಾರೆ. ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು, ಮತ್ತೊಂದು ವರ್ಷ ಅಜ್ಞಾತ. ಕರಾರು ಮೊದಲೇ ಬಾಯಿಬಿಟ್ಟು ಹೇಳಲಾಗಿದೆ. ಆದ್ದರಿಂದ ಕೀಚಕ ದ್ರೌಪದಿಯನ್ನು ಒದ್ದಾಗ ಭೀಮ ಹಲ್ಲು ಕಚ್ಚಿ ಸುಮ್ಮನಿರುವುದಕ್ಕೆ ಬೆಲೆ ಇದೆ, ಕೊನೆಗೆ ಸುಮ್ಮನಿರದಿದ್ದದ್ದಕ್ಕೂ ಬೆಲೆ ಇದೆ. ಕೀಚಕ ಸತ್ತ ಸುದ್ದಿ ಹಸ್ತಿನಾವತಿಗೆ ಮುಟ್ಟಿದ ಕೂಡಲೇ ದುರ್ಯೋಧನ ಲೆಕ್ಕ ಹಾಕುತ್ತಾನೆ: ಇಂಥವನನ್ನು ಹೀಗೆ ಕೊಲ್ಲಬಲ್ಲವನು ಭೀಮನೊಬ್ಬನೇ. ಅಲ್ಲಿಂದ ಗೋಗ್ರಹಣ, ಅಲ್ಲಿಂದ ಬೃಹನ್ನಳೆ ಬಿಲ್ಲು ಹಿಡಿಯುವುದು. ಒಂದು ತಿರುವು ಇನ್ನೊಂದನ್ನು ಹೆರುತ್ತದೆ. ಖಳನಿಗೂ ಬುದ್ಧಿಯಿದೆ ಎಂಬುದನ್ನು ಮರೆಯಬೇಡಿ. ನಮ್ಮ ಟೀವಿಯ ಖಳನಾಗಿದ್ದರೆ ಕೀಚಕನನ್ನು ಯಾರೋ ಗಂಧರ್ವರು ಕೊಂದರಂತೆ ಎಂದು ನಂಬಿ ಸುಮ್ಮನಾಗುತ್ತಿದ್ದ.

ಇದೇ ಅಳತೆಗೋಲಿನಿಂದ ಶಕ್ತಿಶಾಲಿ ನಾಯಕರ ಧಾರಾವಾಹಿಗಳನ್ನು ನೋಡಿದರೆ ಬೇಸರದ ಮೂಲ ಕಾಣುತ್ತದೆ. ಗುಟ್ಟು ಬಯಲಾದರೆ ಏನು ಹೋಗುತ್ತದೆ? ಬಹಳ ಸಲ, ಏನೂ ಇಲ್ಲ. ಒಂದು ಸಂಚಿಕೆ ಮುನಿಸು, ಮುಂದಿನ ಸಂಚಿಕೆಗೆ ರಾಜಿ. ನಾಯಕ ಸತ್ತು ಬಂದರೆ ಸಾವು ಅವನಲ್ಲಿ ಏನನ್ನಾದರೂ ಕಸಿದುಕೊಂಡಿತೇ? ಅದೂ ಇಲ್ಲ, ಕೂದಲು ಕೂಡ ಕೆದರಿರುವುದಿಲ್ಲ. ಜೀ ಕನ್ನಡದ 'ನಾಗಿಣಿ' ಜನಪ್ರಿಯವಾದಾಗ ಓದಿದವರು ಮೂಗು ಮುರಿದರು. ನನಗೆ ಅದರ ಗ್ರಾಫಿಕ್ಸ್ ಸೇರಲಿಲ್ಲ, ಹಿನ್ನೆಲೆ ಸಂಗೀತಕ್ಕಂತೂ ಕಿವಿ ಮುಚ್ಚಿಕೊಳ್ಳಬೇಕು. ಆದರೆ ಅದು ಸರಿಯಾದ ಕಡೆ ಕಾಲಿಟ್ಟಿತ್ತು. ಅವಳು ನಾಗಿಣಿ, ಸೇಡಿಗೆ ಬಂದವಳು ಎಂದು ನೋಡುಗರಿಗೆ ಮೊದಲೇ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಸೇಡು ತೀರಿಸಬೇಕಾದ ಮನೆಯಲ್ಲೇ ಪ್ರೀತಿಗೆ ಬಿದ್ದರೆ ಏನು ಮಾಡುತ್ತಾಳೆ ಎಂದು ಹೆಂಗಸರು ಕೆಲಸ ಬಿಟ್ಟು ಕೂತರು. ಕೂತದ್ದು ತಪ್ಪೇ?

ಸೇಡಂ ತಾಲ್ಲೂಕಿನ ಮಳಖೇಡವನ್ನು ಇಲ್ಲಿ ಎಳೆದು ತಂದರೆ, ರಾಜ್ಯೋತ್ಸವದ ಭಾಷಣ ಶುರುವಾಯಿತು ಎಂದು ರೇಡಿಯೋ ಆರಿಸಬೇಡಿ. ಅದು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯ ಬಲ್ಲವರು ಎಂದು ಹೇಳಿದ್ದನ್ನು ಎಲ್ಲರೂ ಕೇಳಿದ್ದೀರಿ. ಅದರ ಬೆನ್ನಿಗೇ ಸಣ್ಣ ಮಕ್ಕಳಿಗೂ ಮಾತಿನ ವಿವೇಕ ತಿಳಿದಿದೆ ಎಂದು ಅದು ಹೇಳುವುದನ್ನು ನಾವು ಅಷ್ಟಾಗಿ ಎತ್ತುವುದಿಲ್ಲ. ಕೀಚಕನನ್ನು ಎಚ್ಚರಿಸಿ ಕೂಗಿದ ಹುಡುಗರನ್ನು ನೋಡಿದ ಮೇಲೆ ನನಗೆ ಆ ಮಾತು ಬರೀ ಹೊಗಳಿಕೆಯಾಗಿ ಕೇಳುವುದಿಲ್ಲ. ಇಂಥವರ ಮುಂದೆ ಬರೆಯುವವನು ಗುಟ್ಟು ಮುಚ್ಚಿಡಲು ಹೆಣಗುವುದೆಂದರೆ ಸುಮ್ಮನೆ ಕೈಸೋಲು.

2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಆಮೇಲೆ ಎಲ್ಲ ಬಂದ್. ದೂರದರ್ಶನ 'ರಾಮಾಯಣ'ವನ್ನು ಮತ್ತೆ ಹಾಕಿತು, ಏಪ್ರಿಲಿನಿಂದ 'ಶಕ್ತಿಮಾನ್' ಕೂಡ ಮರಳಿ ಬಂತು. ಏಪ್ರಿಲ್ 16ರ 'ರಾಮಾಯಣ'ದ ಸಂಚಿಕೆಯನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಆ ಕತೆಯಲ್ಲಿ ಯಾರಿಗೂ ಗೊತ್ತಿಲ್ಲದ ತಿರುವು ಒಂದಾದರೂ ಇದೆಯೇ? ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿದ್ದ ಚಿತ್ತಾಪುರ, ಚಿಂಚೋಳಿ ಕಡೆಯವರು ಊರಿಗೆ ಬಂದು, ದೂರ ಇದ್ದು, ಹೊತ್ತು ಹೋಗದೆ ಕೂತಿದ್ದ ದಿನಗಳವು. ಶಕ್ತಿಮಾನ್ ಗಿರಗಿರ ತಿರುಗಿದಾಗ ಈಗಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ಗಂಗಾಧರನೇ ಅವನೆಂದು ಎರಡೇ ನಿಮಿಷಕ್ಕೆ ಹೇಳಿದರು. ಹೇಳಿ, ಮರುದಿನವೂ ಹಾಜರಾದರು.

2022ರ ಫೆಬ್ರುವರಿಯಲ್ಲಿ ಸೋನಿ ಕಂಪನಿಯವರು ಶಕ್ತಿಮಾನನ ಮೇಲೆ ಮೂರು ಭಾಗಗಳ ಸಿನಿಮಾ ಮಾಡುವುದಾಗಿ ಘೋಷಿಸಿದರು. ನಾಯಕ ಯಾರಾಗಬೇಕೆಂದು ಅಂದಿನಿಂದ ಚರ್ಚೆ ನಡೆದೇ ಇದೆ. ಬರೆಯುವವರಿಗೆ ನಮ್ಮ ಕಡೆಯಿಂದ ಒಂದು ಬಿನ್ನಹ. ಗಂಗಾಧರ ಯಾರೆಂಬುದನ್ನು ನಮ್ಮಿಂದ ಮುಚ್ಚಿಡುವ ಕಷ್ಟ ತೆಗೆದುಕೊಳ್ಳಬೇಡಿ. ಗೀತಾಳಿಗೆ ಬುದ್ಧಿ ವಾಪಸು ಕೊಡಿ. ಆಕೆ ಮೊದಲ ವಾರವೇ ಪತ್ತೆಹಚ್ಚಲಿ, ಪತ್ರಿಕೆಯಲ್ಲಿ ಅಚ್ಚುಹಾಕಬೇಕೋ ಬೇಡವೋ ಎಂದು ಒದ್ದಾಡಲಿ. ಅಚ್ಚಾದರೆ ಅವನ ಶಕ್ತಿ ಹೋಗುತ್ತದೋ, ಅಚ್ಚಾಗದಿದ್ದರೆ ಅವಳ ನೌಕರಿ ಹೋಗುತ್ತದೋ, ಅದನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡಿ. ಉಳಿದ ಎರಡೂವರೆ ಗಂಟೆ ನಾವು ಕೂಡುತ್ತೇವೆ.